ಆವರಗೆರೆಯ ಮುತ್ತಿಗೆ

“ಏ ಓಬಿ, ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ ನೋಡು! ಹೊರಗ ನಿಂತ್ಕಂಡೇ ಗುಡ್ಸು.”

ಓಬಕ್ಕ ಕಸಬರಿಗೆ ಹಿಂದಕ್ಕೆಳೆದುಕೊಂಡಳು. ಗದರಿದವನು ಮುರುಗೇಶಪ್ಪ ಮೇಷ್ಟ್ರು; ಎಂ.ಸಿ.ಸಿ. ಬಡಾವಣೆಯ ಆ ಟ್ಯೂಟೋರಿಯಲ್ ಅವನದು. ಎರಡು ವರ್ಷದ ಹಿಂದೆ ಅದರ ಹಿತ್ತಲಿನ ಪಾಯಿಖಾನೆ ಗುಂಡಿ ಕಟ್ಟಿಕೊಂಡಾಗ ಅವಳ ಗಂಡ ಕಾಟಪ್ಪನನ್ನು ಒಳಗಿಳಿಸಿದವನೂ ಅವನೇ. ಕಾಟಪ್ಪ ಮೇಲೆ ಬಂದದ್ದು ಹೆಣವಾಗಿ. ಕುಡಿದು ಬಿದ್ದ ಅಂತ ಪೊಲೀಸರ ಮುಂದೆ ಬರೆಸಿ ಕೈತೊಳೆದುಕೊಂಡ, ಪುಣ್ಯಾತ್ಮ. ಈಗ ಆವರಗೆರೆ ಅಂಚಿನ ಅವಳ ಕೇರಿಯ ಮೇಲೆ ಅವನ ಕಣ್ಣು. ಹದಿನೆಂಟು ಗುಡಿಸಲು ಕಿತ್ತು ಲೇಔಟ್ ಮಾಡಬೇಕಂತೆ. ನಾಳೆ ಬೆಳಿಗ್ಗೆಯೇ ಬುಲ್ಡೋಜರ್ ಬರುವುದಿತ್ತು.

ಒಳಗೆ ಪಾಠ ರಂಗೇರಿತ್ತು. ಡಿಮಿಟ್ರಿಯಸ್ ಅಂತ ಗ್ರೀಕರ ದಂಡನಾಯಕ. ಊರು ಮುತ್ತುವುದರಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ರೋಡ್ಸ್ ಎಂಬ ಊರಿನ ಕೋಟೆ ಒಡೆಯಲು ಒಂಬತ್ತು ಅಂತಸ್ತಿನ, ಗಾಲಿ ಮೇಲೆ ಉರುಳುವ ಗೋಪುರ ಕಟ್ಟಿಸಿದನಂತೆ.

“ಎಂಥಾ ಗಂಡು ಅವ್ನು! ಆದ್ರೆ ಆ ಊರೋರು ಗೋಪುರ ಬರೋ ದಾರಿಗೆ ಗುಟ್ಟಾಗಿ ನೀರು, ಕೊಚ್ಚೆ ಸುರಿದ್ರು. ಗಾಲಿ ಹೂತ್ಕಂಡು ಅಲ್ಲೇ ನಿಂತ್ಬಿಡ್ತು. ಥೂ, ಹೇಲು ಹೊರೋರ ಬುದ್ಧಿ!” ಮೇಷ್ಟ್ರು ಓಬಕ್ಕ ಗುಡಿಸುತ್ತಿದ್ದ ಜಗಲಿಯತ್ತ ಗದ್ದ ತೋರಿಸಿದ. ಹುಡುಗರು ಹೋ ಎಂದು ನಕ್ಕರು.

ಓಬಕ್ಕನ ಮೈ ಉರಿದುಹೋಯಿತು. ಕಸ ಗುಡಿಸುವವಳಿಗೂ ಕಿವಿ ಇರುತ್ತದೆ ಅನ್ನುವುದು ಆ ಪಂಡಿತನಿಗೆ ಹೊಳೆದೇ ಇರಲಿಲ್ಲ.

ಸಂಜೆ ಅವಳು ಪಕ್ಕದ ಗುಡಿಸಲಿನ ಪಾಲಯ್ಯನನ್ನು ಕೂಗಿ ಕರೆದಳು.

“ಪಾಲಣ್ಣ, ನಮ್ಮದು ಎರೆಮಣ್ಣು. ನೀರು ಕುಡಿದ್ರೆ ಎತ್ತಿನ ಗಾಡೀನೇ ಬಿಡಂಗಿಲ್ಲ. ಟೌನಿನ ದೊಡ್ಡ ಚರಂಡಿ ಎಲ್ಲಿ ಕಟ್ಟಿದ್ರೆ ಎಲ್ಲಿ ಉಕ್ತೈತೆ ಅಂತ ನಮಗಲ್ದೆ ಯಾವನಿಗೆ ಗೊತ್ತೈತೆ?”

“ಮೇಷ್ಟ್ರು ಸುಮ್ನೆ ಬಿಡ್ತಾನೇನವ್ವ?”

“ಅವ್ನೇ ಪಾಠ ಮಾಡ್ಯಾನ, ಬಾ.”

ಹೊತ್ತು ಮೂಡುವುದರೊಳಗೆ ಕೇರಿಯವರೆಲ್ಲ ಸೇರಿ ಮಣ್ಣು ತುಂಬಿದ ಗೋಣಿಚೀಲ ಜಡಿದು ಚರಂಡಿಯ ಬಾಯಿ ಕಟ್ಟಿದರು. ಬುಲ್ಡೋಜರ್ ಬರಬೇಕಾದ ಬಂಡಿದಾರಿಗೆ ಕಾಲುವೆ ಕಡಿದರು. ಊರಿನ ಕೊಳಕೆಲ್ಲ ತಾನಾಗಿಯೇ ಹರಿದು ಬಂತು.

ಬೆಳಿಗ್ಗೆ ಬುಲ್ಡೋಜರ್ ನಾಲ್ಕು ಮಾರು ಬಂದು ಹೊಟ್ಟೆಯವರೆಗೆ ಹೂತುಹೋಯಿತು. ಡ್ರೈವರ್ ಮೂಗು ಮುಚ್ಚಿಕೊಂಡು ಸೀಟಿನ ಮೇಲೆ ಹತ್ತಿ ನಿಂತ. ಸ್ಕೂಟರಿನಲ್ಲಿ ಬಂದ ಮುರುಗೇಶಪ್ಪ, “ಲೇ ಸೂಳೇಮಕ್ಳಾ, ಯಾವನ್ಲೇ ನೀರು ಬಿಟ್ಟಿದ್ದು?” ಎಂದು ಕಿರುಚುತ್ತಾ ನುಗ್ಗಿದವನು ಜಾರಿ ಕಾಲುವೆಗೆ ಬಿದ್ದು ಎದೆಮಟ್ಟ ಇಳಿದ. ಒದ್ದಾಡಿದಷ್ಟೂ ಎರೆಮಣ್ಣು ಒಳಗೆಳೆಯಿತು.

ದಂಡೆಯ ಮೇಲೆ ಓಬಕ್ಕ ನಿಂತಿದ್ದಳು. ಕೈಯಲ್ಲಿ ಚರಂಡಿ ಚುಚ್ಚುವ ಬಿದಿರು ಗಳ, ಕಾಟಪ್ಪನದು.

“ಏನ್ ನೋಡ್ತೀಯೇ, ಗಳ ಚಾಚೇ!”

ಅವಳು ಗಳವನ್ನು ತನ್ನ ಕಾಲ ಬಳಿ ನೆಟ್ಟಳು.

“ಓಬಕ್ಕಾ… ನಿನ್ ಕಾಲಿಗೆ ಬೀಳ್ತೀನಿ. ಉಸಿರು ಕಟ್ತೈತೆ!”

“ನನ್ ಗಂಡಂಗೂ ಕಟ್ಟಿತ್ತು ಮೇಷ್ಟ್ರೆ. ಈಗ ಪೊಲೀಸ್ರು ಬಂದ್ರೆ ಏನಂತ ಬರೆಸ್ಲಿ ಹೇಳ್ರಿ. ಕುಡಿದು ಬಿದ್ರು ಅಂತ ಬರೆಸ್ಲಾ?”

ಹಿಂದೆ ನಿಂತ ಕೇರಿಯವರು ಯಾರೂ ಕದಲಲಿಲ್ಲ.