ನಾವೆಯಲ್ಲಿ ಕಟ್ಟಿದ ಮಕ್ಕಳು

ಪಂಚಮಿಗೆ ಕರೆಯಲು ಅಣ್ಣ ಯಲ್ಲಪ್ಪ ತುಕ್ಕಾನಟ್ಟಿಗೆ ಬಂದಾಗ ಶಿವವ್ವ ಮೊದಲು ಕೇಳಿದ್ದು ತವರಿನ ಸುದ್ದಿಯನ್ನಲ್ಲ, ಹೊಳೆಯ ಸುದ್ದಿಯನ್ನು. ಹೊಳೆ ತುಂಬಿದೆ, ಆದರೂ ನಾವೆ ನಡೆದಿದೆ ಎಂದ ಅವನು. ನಡೆಸುವವರು ಯಾರು ಎಂದಳು. ಹಳೆಯ ಅಂಬಿಗ ಜ್ವರದಿಂದ ಮಲಗಿದ್ದಾನೆ, ಹುಕ್ಕೇರಿ ಕಡೆಯಿಂದ ಮಾಲಿಂಗಪ್ಪ ಎಂಬ ಹೊಸಬ ಬಂದಿದ್ದಾನೆ ಎಂದ. ಹಂಚಿನ ಮೇಲಿದ್ದ ರೊಟ್ಟಿ ಕರಕಾದದ್ದು ಶಿವವ್ವನಿಗೆ ಗೊತ್ತಾಗಲಿಲ್ಲ.

ಆ ಶ್ರಾವಣದಲ್ಲಿ ಊರೂರಿಗೂ ಒಂದೇ ಮಾತು. ಕೆಳಗೆಲ್ಲೋ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ, ಅದರ ಕಂಬ ಮೂರು ಸಲ ಕುಸಿದಿದೆ, ಎಳೆಯ ಮಕ್ಕಳನ್ನು ಬಲಿ ಕೊಡದೆ ನಿಲ್ಲುವುದಿಲ್ಲವಂತೆ. ಆ ಸೇತುವೆಯನ್ನು ಕಂಡವರು ಒಬ್ಬರೂ ಇರಲಿಲ್ಲ. ಪಕ್ಕದ ಮನೆಯ ಭರಮವ್ವ ಮಾತ್ರ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು: ಹಿಡಿಯುವವರು ಅಂಬಿಗರ ವೇಷದಲ್ಲೇ ಬರುತ್ತಾರೆ, ನಡುನೀರಿನಲ್ಲಿ ಕೂಸು ಜಾರಿ ಬಿತ್ತು ಎಂದುಬಿಟ್ಟರೆ ಹುಡುಕುವವರು ಯಾರು?

ಹೋಗದೆ ಇರಲೂ ಆಗದು. ತಾಯಿಯ ಮುಖ ಕಂಡು ಎರಡು ವರ್ಷವಾಗಿತ್ತು. ಶಿವವ್ವ ಗಂಡನ ಹಳೆಯ ಧೋತರವನ್ನು ಪಟ್ಟಿ ಪಟ್ಟಿಯಾಗಿ ಹರಿದು, ತವರಿಗೆ ಒಯ್ಯುವ ಪಂಚಮಿ ಉಂಡಿಯ ಗಂಟಿನ ಮೇಲೆ ಇಟ್ಟುಕೊಂಡಳು.

ಹೊಳೆಯ ದಂಡೆಯಲ್ಲಿ ಮಾಲಿಂಗಪ್ಪ ನಿಂತಿದ್ದ. ಒಣಗಿದ ಮೈ, ನರೆತ ಮೀಸೆ, ಸೊಂಟದಲ್ಲಿ ಬಾಗಿದ ಚೂರಿ. ಅವನ ಕಣ್ಣು ನೇರವಾಗಿ ಶಿವವ್ವನ ಇಬ್ಬರು ಮಕ್ಕಳ ಮೇಲೆ ಬಿತ್ತು. ಹುಡುಗಿಗೆ ಎಷ್ಟು ವರ್ಷ, ಹುಡುಗನಿಗೆ ಎಷ್ಟು ಎಂದು ವಿಚಾರಿಸಿದ. ಬಾಳವ್ವನಿಗೆ ಐದು, ರಾಚಣ್ಣನಿಗೆ ಒಂದೂವರೆ ಎಂದು ಯಲ್ಲಪ್ಪ ನಗುತ್ತಲೇ ಹೇಳಿಬಿಟ್ಟ. ಅಂಬಿಗ ರಾಚಣ್ಣನನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿ ಇಳಿಸಿದ. ಬೆಲ್ಲದ ಪೆಂಟೆ ಇಟ್ಟುಕೊಂಡು ಕೂತಿದ್ದ ಒಬ್ಬನನ್ನು ಎಬ್ಬಿಸಿ ಆಚೆ ಬದಿಗೆ ಕೂರಿಸಿದ. ಕೂಸನ್ನು ತನ್ನ ಕಾಲ ಬಳಿ ಬಿಡಬೇಕು ಎಂದ.

ತೂಕ ಯಾಕೆ ನೋಡಿದ? ಕಾಲ ಬಳಿಯೇ ಯಾಕೆ? ಶಿವವ್ವ ನಡುವಿನ ಹಲಗೆಯ ಹತ್ತಿರ ಕೂತಳು. ಬಾಳವ್ವನನ್ನು ತನ್ನ ಸೊಂಟಕ್ಕೆ ಕಟ್ಟಿದಳು, ರಾಚಣ್ಣನನ್ನು ಹಲಗೆಗೆ. ಒಂದಲ್ಲ, ಮೂರು ಗಂಟು.

ಮಾಲಿಂಗಪ್ಪ ನಾವೆ ನೂಕುವ ಜಲ್ಲೆ ಹಾಕುವುದನ್ನು ಬಿಟ್ಟು ನಿಂತ.

"ಬಿಚ್ಚರಿ ಅಕ್ಕಾರ. ನೀರಾಗ ಹುಡುಗ್ರನ್ನ ಕಟ್ಟಬಾರದರಿ."

"ಕಟ್ಟಿದ್ರ ನಿಮಗೇನ್ ತ್ರಾಸು?" ಎಂದಳು ಶಿವವ್ವ. "ನನ್ನ ಮಕ್ಕಳು ಬಿದ್ರ ನನ್ನ ಕೂಡೇ ಬೀಳ್ತಾವು."

"ಅದಕ್ಕ ಬಿಚ್ಚರಿ ಅನ್ನಾಕತ್ತೇನಿ."

ಅವನು ಗಂಟಿಗೆ ಕೈ ಚಾಚಿದ. ಅವಳು ಆ ಕೈಯನ್ನು ಬಡಿದು ಸರಿಸಿದಳು. ಗಂಡನ ಮನೆಯಲ್ಲಿ ದನ ಕಟ್ಟುವುದನ್ನು ಕಲಿತು ಬಂದ ತಂಗಿ ಮಕ್ಕಳನ್ನೂ ಹಾಗೇ ಕಟ್ಟುತ್ತಾಳೆ ಎಂದು ಯಲ್ಲಪ್ಪ ಚೇಷ್ಟೆ ಮಾಡಿದ, ಎಲ್ಲರೂ ನಕ್ಕರು. ಅಂಬಿಗ ನಗಲಿಲ್ಲ. ನಗದವನನ್ನು ಕಂಡು ಶಿವವ್ವನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನಾವೆ ದಂಡೆ ಬಿಟ್ಟಿತು. ಅವಳು ನೀರು ನೋಡಲಿಲ್ಲ, ಅವನನ್ನೇ ನೋಡಿದಳು. ಅವನೂ ಘಳಿಗೆಗೊಮ್ಮೆ ತಿರುಗಿ ರಾಚಣ್ಣನನ್ನು ನೋಡುತ್ತಿದ್ದ.

ನಡುಹೊಳೆಯಲ್ಲಿ, ಬೇರು ಸಮೇತ ತೇಲಿ ಬಂದ ಜಾಲಿಮರವೊಂದು ನಾವೆಯ ಪಕ್ಕೆಗೆ ಬಡಿಯಿತು. ನಾವೆ ವಾಲಿತು. ರಾಚಣ್ಣನಿದ್ದ ಬದಿಯಿಂದ ಕೆಂಪು ನೀರು ಒಳಗೆ ನುಗ್ಗಿತು. ನೀರು ಕೂಸಿನ ಎದೆಗೆ ಬಂತು, ಗದ್ದಕ್ಕೆ ಬಂತು. ಶಿವವ್ವ ಗಂಟು ಎಳೆದಳು. ನೆನೆದ ಅರಿವೆ ಬಿಗಿದುಕೊಂಡಿತ್ತು. ಉಗುರು ಮುರಿಯಿತು, ಗಂಟು ಬಿಚ್ಚಲಿಲ್ಲ. ತಲೆ ಎತ್ತಿದರೆ ಮಾಲಿಂಗಪ್ಪ ಚೂರಿ ಹಿರಿದು ಕೂಸಿನ ಮೇಲೆ ಬಾಗಿದ್ದ.

ಭರಮವ್ವ ಹೇಳಿದ್ದೆಲ್ಲ ಒಂದೇ ಕ್ಷಣದಲ್ಲಿ ಕಣ್ಣೆದುರು ನಿಂತಿತು. ಶಿವವ್ವ ಅವನ ಎಡಗೈಯ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು. ನಾಲಿಗೆಗೆ ಉಪ್ಪು ಹತ್ತಿತು. ಅವನು ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳ ಹಲ್ಲಿಗೆ ಅದನ್ನು ಬಿಟ್ಟುಕೊಟ್ಟು, ಬಲಗೈಯಿಂದ ಪಟ್ಟಿ ಕೊಯ್ದು, ಮುಳುಗುತ್ತಿದ್ದ ರಾಚಣ್ಣನನ್ನು ಎತ್ತಿ ಯಲ್ಲಪ್ಪನ ಮಡಿಲಿಗೆ ಹಾಕಿದ. ಕೂಸು ಕೆಮ್ಮಿತು, ನೀರು ಕಾರಿತು, ಆಮೇಲೆ ಅತ್ತಿತು.

ಮರ ಸರಿದುಹೋಯಿತು. ಅರ್ಧ ತುಂಬಿದ ನಾವೆ ಆಕಡೆ ಈಕಡೆ ಹೊಯ್ದಾಡುತ್ತಿತ್ತು. ಗಂಡಸರು ತಂಬಿಗೆಯಿಂದ ನೀರು ಮೊಗೆದು ಚೆಲ್ಲತೊಡಗಿದರು. ಮಾಲಿಂಗಪ್ಪ ಮುಂಗೈಯ ರಕ್ತವನ್ನು ಧೋತರಕ್ಕೆ ಒರೆಸಿ ಜಲ್ಲೆ ಹಿಡಿದ. ಬಾಳವ್ವನನ್ನು ಬಿಚ್ಚು ಎಂದು ಅವನು ಮತ್ತೆ ಹೇಳಲಿಲ್ಲ.

ಶಿವವ್ವ ತಾನೇ ಸೊಂಟದ ಗಂಟಿಗೆ ಕೈ ಹಾಕಿದಳು. ಅದೂ ಕಲ್ಲಾಗಿತ್ತು. ತಾನು ಮುಳುಗಿದರೆ ಮಗಳೂ ಜೊತೆಗೆ ಮುಳುಗುತ್ತಾಳೆ. ಇಷ್ಟು ಹೊತ್ತು ಧೈರ್ಯ ಕೊಟ್ಟಿದ್ದ ಆ ಲೆಕ್ಕವೇ ಈಗ ಅವಳನ್ನು ಹೆದರಿಸಿತು. ಅವಳು ಅಂಬಿಗನ ಕಡೆ ನೋಡಿದಳು. ಅವನ ಚೂರಿಯ ಕಡೆ ನೋಡಿದಳು. ಆ ಕಡೆ ದಂಡೆ ಇನ್ನೂ ದೂರವಿತ್ತು.

"ಅಣ್ಣಾರ, ಇದನ್ನೂ ಕೊಯ್ದ್‌ಬಿಡ್ರಿ."

ಮಾಲಿಂಗಪ್ಪ ಬಂದು ಕುಕ್ಕರಗಾಲಲ್ಲಿ ಕೂತ.

"ಈ ಸಲ ಕಚ್ಚಬ್ಯಾಡ್ರಿ ಮತ್ತ," ಎಂದ.

ಶಿವವ್ವ ಪಟ್ಟಿಯನ್ನು ಮಗಳ ಮೈಯಿಂದ ಬೇರೆಯಾಗಿ ಎಳೆದು ಹಿಡಿದಳು. ಅಲಗು ಅರಿವೆಯನ್ನು ದಾಟಿ, ಅವನ ಕೈ ಬಾಳವ್ವನ ಸೊಂಟದಿಂದ ದೂರ ಸರಿಯುವ ತನಕ ಅವಳು ರೆಪ್ಪೆ ಮುಚ್ಚಲಿಲ್ಲ.