ಇನ್ನೂ ಬೆಂದಿಲ್ಲ

"ಇನ್ನೂ ಬೆಂದಿಲ್ಲೇನ್ರಿ ಅಕ್ಕಾರ?"

ಪಡಸಾಲೆಯಿಂದ ಗುಂಡಪ್ಪನ ದನಿ ಮತ್ತೆ ಬಂತು. ಹಿತ್ತಲಲ್ಲಿ ಇದ್ದಿಲ ಶೇಗಡಿಯ ಮುಂದೆ ಕೂತಿದ್ದ ಚಂದ್ರಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಕುರಿ ಭುಜ ಐತ್ರಿ ಅದು, ಇಡೀದು. ಅವಸರ ಮಾಡಿದ್ರ ಬರೇ ನಾರು ಜಗೀಬೇಕಾಕ್ಕೈತಿ."

"ನಮ್ಮ ಕಡೆ ಇಷ್ಟೊತ್ತಿಗೆ ಕುರಿ ಕೊಯ್ದು, ಉಂಡು, ಒಂದು ನಿದ್ದಿ ತಗದು ಎದ್ದಿರತಿದ್ವಿ."

"ನಿಮ್ಮ ಕಡೆ ಅಂದ್ರ ಯಾವ ಕಡೆ? ನಾನೂ ಹುಬ್ಬಳ್ಳಿಯಾಕೀನ. ಸುಮ್ನ ಕೂಡ್ರಿ."

ಗುಂಡಪ್ಪ ನಕ್ಕ. ನಕ್ಕರೂ ಅವನು ಕೂರಲಿಲ್ಲ. ಬಾಗಿಲವರೆಗೆ ಹೋಗಿ ರಸ್ತೆ ನೋಡುವುದು, ಕಟ್ಟಿಟ್ಟ ಟ್ರಂಕಿನ ಬೀಗ ಎಳೆದು ನೋಡುವುದು, ಮತ್ತೆ ಬಾಗಿಲಿಗೆ ಹೋಗುವುದು. ಅವನ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ಚಂದ್ರಮ್ಮನ ಕೈ ಇಕ್ಕಳದ ಕಡೆ ಹೋಗುತ್ತಿತ್ತು. ಪಾತೇಲಿಯ ಮುಚ್ಚಳದ ಮೇಲೆ ಹರಡಿದ್ದ ಕೆಂಡಗಳನ್ನು ಅತ್ತಿತ್ತ ಸರಿಸುತ್ತಿದ್ದಳು. ಸರಿಸುವ ಅಗತ್ಯವೇನೂ ಇರಲಿಲ್ಲ.

ಪಕ್ಕದ ಕ್ವಾರ್ಟರ್ಸಿನಲ್ಲಿ ಹಿಂದೆ ಇದ್ದ ಆಂಗ್ಲೋ-ಇಂಡಿಯನ್ ಡ್ರೈವರನ ಹೆಂಡತಿ ಕಲಿಸಿಕೊಟ್ಟ ಅಡುಗೆ ಇದು. ಭುಜವನ್ನು ಕಡಿಯದೆ ಉಪ್ಪು, ಅರಿಸಿನ, ಶುಂಠಿ-ಬೆಳ್ಳುಳ್ಳಿ ಸವರಿ, ಅಡಿಗೆ ಉಳ್ಳಾಗಡ್ಡಿ ಹಾಸಿ, ಮೇಲೂ ಕೆಳಗೂ ಸಣ್ಣ ಬೆಂಕಿ ಕೊಟ್ಟು ಬಿಟ್ಟರೆ ತಾನೇ ರಸ ಬಿಟ್ಟುಕೊಳ್ಳುತ್ತದೆ. ಆಕೆ ಅದನ್ನು ಗ್ರೇವಿ ಎನ್ನುತ್ತಿದ್ದಳು. ಚಂದ್ರಮ್ಮ ಅದಕ್ಕೆ ಒಣಕೊಬ್ಬರಿ, ಗಸಗಸೆ ಹುರಿದು ಸೇರಿಸುವುದನ್ನು ತಾನಾಗಿಯೇ ಕಲಿತಿದ್ದಳು. ತಡವಾಗುವ ಅಡುಗೆಗಳಲ್ಲಿ ಇದರಷ್ಟು ತಡವಾಗುವುದು ಅವಳಿಗೆ ಬೇರೊಂದು ಗೊತ್ತಿರಲಿಲ್ಲ. ಬೆಳಿಗ್ಗೆ ಮಟನ್ ಅಂಗಡಿಯಲ್ಲಿ ಪುಟ್ಟ ಪ್ರಭಾಳೇ ಮುಂದೆ ನಿಂತು, "ಖಾಂದಾ ದ್ಯಾ, ಅಖ್ಖಾ" ಎಂದು ಮರಾಠಿಯಲ್ಲಿ ಇಡೀ ಭುಜ ಕೇಳಿದ್ದಳು. ಈ ಮರಾಠಿ ಊರಿಗೆ ಬಂದು ವರ್ಷಗಳಾಗಿದ್ದರೂ ಚಂದ್ರಮ್ಮನ ಬಾಯಲ್ಲಿ ಆ 'ಖ' ಏನು ಮಾಡಿದರೂ ಹೊರಡುತ್ತಿರಲಿಲ್ಲ. ಅವಳು ಕೇಳಿದರೆ ಅದು ಕಾಂದಾ ಆಗುತ್ತಿತ್ತು, ಮಟನ್ ಅಂಗಡಿಯವನು ಉಳ್ಳಾಗಡ್ಡಿ ಮಾರುವವನ ಕಡೆ ಕೈ ತೋರಿಸುತ್ತಿದ್ದ.

ಪ್ರಭಾ ಅವಳು ಹೆತ್ತ ಮಗಳಲ್ಲ, ತಂಗಿ ಭಾನುಮತಿಯ ಕೂಸು. ಭಾನುಮತಿ ತೀರಿಕೊಂಡಾಗ ಮಗುವಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಆಗ ಮಡಿಲಿಗೆ ಬಂದವಳು ಈಗ ಶಾಲೆಗೆ ಹೋಗುತ್ತಾಳೆ, ಅವ್ವ ಎಂದರೆ ಚಂದ್ರಮ್ಮನೇ. ಭಾನುಮತಿಯ ಗಂಡ ಗುಂಡಪ್ಪ ಮತ್ತೆ ಮದುವೆಯಾಗಿ, ಒಂದು ಗಂಡು ಕೂಸಾಗಿ, ಈಗ ತನ್ನ ಮಗಳು ತನ್ನ ಮನೆಯಲ್ಲಿ ಬೆಳೆಯಲಿ ಎಂದು ಕರೆದೊಯ್ಯಲು ಬಂದಿದ್ದ. ಚಂದ್ರಮ್ಮನ ಗಂಡ ರಾಮಣ್ಣ ರೈಲ್ವೆ ಗಾರ್ಡು. "ತಂದಿ ಅದಾನ. ನಾವು ಏನಂತ ಬ್ಯಾಡ ಅನ್ನೂದು?" ಎಂದು ಬುತ್ತಿ ಡಬ್ಬಿ ಎತ್ತಿಕೊಂಡು, ಮಗುವಿನ ಮುಖ ನೋಡದೆ ಉಮರೇಡ್ ಕಡೆಯ ಗಾಡಿಗೆ ಹೋಗಿಬಿಟ್ಟಿದ್ದ.

ಚಂದ್ರಮ್ಮ ಬೇಡ ಎನ್ನಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದಳು, ಅಷ್ಟೇ. ನಾಳೆ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹೆಣ್ಣುಕೂಸನ್ನು ಊರು ಬಿಡಿಸುವ ರೂಢಿ ಅವರ ಎರಡೂ ಮನೆಗಳಲ್ಲಿ ಇರಲಿಲ್ಲ. ಅದು ಕಳೆಯುವವರೆಗೆ ನಿಲ್ಲಲು ಗುಂಡಪ್ಪನಿಗೆ ಗಿರಣಿಯ ರಜೆ ಇರಲಿಲ್ಲ. ಸಂಜೆಯ ಗಾಡಿ ತಪ್ಪಿದರೆ ನಾಳೆ ಅವನು ಒಬ್ಬನೇ ಹೋಗಬೇಕು. ಆಮೇಲೆ ಮಳೆಗಾಲ, ಶಾಲೆ. ಮುಂದಿನ ಬೇಸಿಗೆಯವರೆಗೆ ಅವನು ಮತ್ತೆ ಬರಲಾರ. ತನ್ನ ಹೆಸರಿನಲ್ಲಿ ಒಲೆಯ ಮೇಲಿಟ್ಟದ್ದನ್ನು ಉಣ್ಣದೆ ಎದ್ದು ಹೋಗುವವನೂ ಅವನಲ್ಲ.

ಅವಳು ಕೆಂಡ ಸರಿಸಿ ಮುಚ್ಚಳ ಎತ್ತಿದಳು. ಎಲುಬು ಹಿಡಿದು ಸ್ವಲ್ಪ ತಿರುಗಿಸಿದ್ದೇ ತಡ, ಅದು ಮಾಂಸದಿಂದ ಬಿಟ್ಟುಕೊಂಡು ಕೈಗೇ ಬಂತು. ಚಂದ್ರಮ್ಮ ಗಾಬರಿಯಿಂದ ಅದನ್ನು ಇದ್ದ ಜಾಗದಲ್ಲೇ ತೂರಿಸಿ, ತಳ ಹಿಡಿಯದಂತೆ ಒಂದು ಲೋಟ ಬಿಸಿನೀರು ಹೊಯ್ದು ಮುಚ್ಚಿಬಿಟ್ಟಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಗಂಗೂಬಾಯಿ ಕೂಗಿದಳು. "ಚಂದ್ರಾ ವೈನೀ, ಝಾಲಂ ಕೀ ಹೋ! ವಾಸ ಸಾಂಗತೋಯ!"

ಆಯಿತಲ್ಲ, ವಾಸನೆಯೇ ಹೇಳುತ್ತಿದೆ, ಎಂದು. ಚಂದ್ರಮ್ಮ ತುಟಿಯ ಮೇಲೆ ಬೆರಳಿಟ್ಟಳು. ಗೋಡೆಯಾಚೆ ಅದು ಯಾರಿಗೂ ಕಾಣುವಂತಿರಲಿಲ್ಲ.

"ಏನಂತಾರ್ರೀ ಅವರು?" ಗುಂಡಪ್ಪ ಹಿತ್ತಲಿಗೇ ಬಂದುಬಿಟ್ಟಿದ್ದ. ಅವನಿಗೆ ಮರಾಠಿ ಅಷ್ಟಕ್ಕಷ್ಟೆ.

"ಸೆಕಿ ಭಾಳ ಆಗೇತಿ ಅಂತಾರ."

ಅವನು ತಲೆಯಾಡಿಸಿ, ಗೋಡೆಯ ಹತ್ತಿರ ಬಳಪದಿಂದ ಗೀಚುತ್ತಿದ್ದ ಮಗಳ ಪಕ್ಕ ಕೂತ. ಬಂದಾಗಿನಿಂದ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ಅವನು ಕೊಟ್ಟ ಪೇಢೆಯನ್ನು ತಿಂದಿದ್ದಳು, ಕೊಟ್ಟ ಕೈಯನ್ನು ಮುಟ್ಟಿರಲಿಲ್ಲ. ಚಂದ್ರಮ್ಮ ಅದನ್ನು ನೋಡಿದ್ದಳು. ನೋಡಿ ಸಮಾಧಾನಪಟ್ಟಿದ್ದಳು ಕೂಡ.

ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಮಂಗನಾಟದವನ ಡಮರು ಶುರುವಾಯಿತು. ಪ್ರಭಾ ಬಳಪ ಬಿಸಾಕಿ ಗೋಡೆಗೆ ಹಾರಿದಳು. ಕೈ ಎಟುಕಲಿಲ್ಲ. ಇನ್ನೊಮ್ಮೆ ಹಾರಿದಳು. ಡಮರು ಗೋಡೆಯ ಬುಡದಲ್ಲೇ ಬಡಿಯುತ್ತಿತ್ತು, ಮಕ್ಕಳ ನಗು ಕೇಳುತ್ತಿತ್ತು. ಅವಳು ಸುತ್ತ ನೋಡಿದಳು, ರಾಮಣ್ಣ ಇರಲಿಲ್ಲ. ತಟ್ಟನೆ ಗುಂಡಪ್ಪನ ಅಂಗಿಯ ತುದಿ ಹಿಡಿದು ಜಗ್ಗಿದಳು. ಅವಸರಕ್ಕೆ ಓಣಿಯ ಮರಾಠಿಯೇ ಬಾಯಿಗೆ ಬಂತು.

"ಬಾಬಾ, ಮಲಾ ಖಾಂದ್ಯಾವರ ಘ್ಯಾ ನಾ! ಖಾಂದ್ಯಾವರ!"

ಗುಂಡಪ್ಪ ಎದ್ದುನಿಂತ. ಅವನ ಮುಖ ಅರಳಿದ್ದನ್ನು ಚಂದ್ರಮ್ಮ ನೋಡಲಾರದೆ ನೋಡಿದಳು. "ಕೇಳಿದ್ರೇನ್ರಿ ಅಕ್ಕಾರ? ಬಾಬಾ ಅಂದ್ಲು, ಅಪ್ಪಾ ಅಂತ! ಕಾಂದಾ ಬೇಕಂತ!" ಎನ್ನುತ್ತ ಅವನು ಅಡುಗೆಮನೆಗೆ ಓಡಿದ. ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಆರಿಸಿ, ಸಿಪ್ಪೆ ಸುಲಿಯುತ್ತಲೇ ಬಂದು, ಮಗಳ ಅಂಗೈಯಲ್ಲಿಟ್ಟ. "ತಗೋ ನನ್ನವ್ವ. ಹಸೇದ ತಿಂತಿಯೇನು? ನಿಮ್ಮಜ್ಜನೂ ಹಂಗ ತಿಂತಿದ್ದ."

ಪ್ರಭಾ ಉಳ್ಳಾಗಡ್ಡಿಯನ್ನು ನೋಡಿದಳು, ಅವನನ್ನು ನೋಡಿದಳು. ಡಮರು ದೂರ ಸರಿಯತೊಡಗಿತ್ತು. ಅವಳ ಕೆಳದುಟಿ ಮುಂದೆ ಬಂತು.

"ಯಾಕವ್ವಾ? ಇದಲ್ಲೇನು? ಇನ್ನೂ ದೊಡ್ಡದು ಬೇಕೇನು?" ಗುಂಡಪ್ಪ ಚಂದ್ರಮ್ಮನ ಕಡೆ ತಿರುಗಿದ. "ಏನಂತಾಳ್ರೀ ಅಕ್ಕಾರ? ನನಗ ತಿಳೀವಲ್ದು."

ಚಂದ್ರಮ್ಮ ಇಕ್ಕಳ ಹಿಡಿದು ಕೂತೇ ಇದ್ದಳು. ಸುಮ್ಮನಿದ್ದರೆ ಸಾಕಿತ್ತು. ಮಗು ಅಳುತ್ತಾ ತನ್ನ ಮಡಿಲಿಗೇ ಓಡಿ ಬರುತ್ತಿತ್ತು. ಆಗ ಅವನಿಗೂ ಅನ್ನಿಸುತ್ತಿತ್ತು, ಮಾತೇ ತನಗೆ ತಿಳಿಯದ ಈ ಕೂಸನ್ನು ಎಲ್ಲಿಗೆ ಕರೆದೊಯ್ಯಲಿ ಎಂದು. ಪ್ರಭಾ ಮಾತ್ರ ಈ ಕಡೆ ನೋಡುತ್ತಲೇ ಇರಲಿಲ್ಲ. ಅವನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಕಾಂದಾ ಅಲ್ರಿ," ಎಂದಳು ಚಂದ್ರಮ್ಮ. "ಕಾಂದಾ..." ಮತ್ತೆ ಅದೇ ಬಂತು. ಅವಳು ಇಕ್ಕಳ ಕೆಳಗಿಟ್ಟು ತನ್ನ ಹೆಗಲನ್ನು ಮುಟ್ಟಿ ತೋರಿಸಿದಳು. "ಇದು. ಹೆಗಲ ಮ್ಯಾಲ ಕೂಡಿಸ್ಕೋ ಅಂತಾಳ. ಜಲ್ದಿ ಎತ್ರಿ, ಮಂಗ್ಯಾ ಹೊಂಟತಿ."

ಗುಂಡಪ್ಪ ಒಂದೇ ಸಲಕ್ಕೆ ಎತ್ತಿದ. ಪ್ರಭಾ ಅವನ ಕೂದಲು ಎರಡೂ ಮುಷ್ಟಿಯಲ್ಲಿ ಹಿಡಿದು, "ದಿಸಲಾ! ಕಂಡ್ತು! ಅವ್ವಾ, ಮಂಗ್ಯಾ ಟೊಪಗಿ ಹಾಕ್ಕೊಂಡೈತಿ!" ಎಂದು ಕಿರುಚಿದಳು. ಗೋಡೆಯುದ್ದಕ್ಕೂ ಅವನು ಅವಳನ್ನು ಹೊತ್ತು ಓಡಿದ. ಕೂದಲು ಜಗ್ಗಿದ ನೋವಿಗೋ ಏನೋ ಅವನ ಕಣ್ಣಲ್ಲಿ ನೀರಿತ್ತು.

ಚಂದ್ರಮ್ಮ ಪಾತೇಲಿಯನ್ನು ಇಳಿಸಿದಳು.

"ಆಗೇತಿ. ಕೈ ತೊಳಕೊಂಡು ಬರ್ರಿ."

ಜೋಳದ ರೊಟ್ಟಿಯ ಮೇಲೆ ಮಾಂಸ ಇಟ್ಟು, ಬದಿಗೆ ಗಟ್ಟಿ ರಸ ಹೊಯ್ದು ಕೊಟ್ಟಳು. ಬೆರಳು ತಾಗಿದರೆ ಸಾಕು ಬಿಡಿಬಿಡಿಯಾಗುತ್ತಿತ್ತು. ಮೊದಲ ತುತ್ತು ನುಂಗಿ ಗುಂಡಪ್ಪ ತಲೆ ತಗ್ಗಿಸಿಯೇ ಹೇಳಿದ, "ಇದು ಯಾವಾಗೋ ಬೆಂದಿತ್ತಲ್ರೀ ಅಕ್ಕಾರ."

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

"ಹಾಕ್ರಿ."

ಪ್ರಭಾ ಅವನ ತಾಟಿಗೆ ಕೈ ಹಾಕಿ ರಸ ಅದ್ದಿಕೊಳ್ಳಲು ಹೋಗಿ, ಎದೆಯ ಮೇಲೆಲ್ಲ ಚೆಲ್ಲಿಕೊಂಡಳು. ಊರಿಗೆಂದು ಹಾಕಿದ್ದ ಫ್ರಾಕು ಅದು. ಗುಂಡಪ್ಪ ಬೇರೆ ಹಾಕಿಕೊಂಡರಾಯಿತು ಎಂದ. ಚಂದ್ರಮ್ಮ ಕೇಳಲಿಲ್ಲ. ಬಿಚ್ಚಿಸಿ, ಬಚ್ಚಲಿಗೆ ಒಯ್ದು ಸಾಬೂನು ಹಚ್ಚಿ ತಿಕ್ಕಿದಳು. ಒಣಗಲು ಹೊತ್ತಿರಲಿಲ್ಲ. ಉಳಿದ ಕೆಂಡವನ್ನು ಆರಿಸಿ ರಾಮಣ್ಣನ ಸಮವಸ್ತ್ರದ ಇಸ್ತ್ರಿಪೆಟ್ಟಿಗೆಗೆ ತುಂಬಿ, ನೆಲದ ಮೇಲೆ ಕಂಬಳಿ ಹಾಸಿಕೊಂಡು ಕೂತಳು.

ಇಸ್ತ್ರಿ ತಾಗಿದಲ್ಲೆಲ್ಲ ಹಬೆ ಏಳುತ್ತಿತ್ತು. ಟಾಂಗಾದವನು ಹೊರಗಿನಿಂದ ಕೂಗಿದ. ಗುಂಡಪ್ಪ ಟ್ರಂಕು ಎತ್ತಿಕೊಂಡು ಹೋಗಿ, ಮತ್ತೆ ಬಂದು ಬಾಗಿಲಲ್ಲಿ ನಿಂತ. ಚಂದ್ರಮ್ಮ ಫ್ರಾಕನ್ನು ತಿರುವಿ ಹಾಕಿ ಕಾಲರಿನ ಒಳಬದಿಯನ್ನು ಮುಟ್ಟಿ ನೋಡಿದಳು. ತುಸು ತೇವವಿತ್ತು. ಇನ್ನೊಂದು ಸಲ ಸಾವಕಾಶವಾಗಿ ಇಸ್ತ್ರಿ ಎಳೆದಳು.

ಎದುರಿಗೆ ಪ್ರಭಾ ಬರೀ ಒಳಲಂಗದಲ್ಲಿ, ಎರಡೂ ಕೈ ಮೇಲೆತ್ತಿಕೊಂಡು, ತೊಡಿಸಲಿ ಎಂದು ಕಾಯುತ್ತಾ ನಿಂತಿದ್ದಳು.