ಮಾಮೂಲಿ ಉಸಿರು

ಲಕ್ಷಪ್ಪ ಬಾಯಿ ತೆರೆದರೆ ರಸ್ತೆಯ ಆ ತುದಿಯಲ್ಲಿ ಮಲಗಿದ್ದ ನಾಯಿಯೂ ಎದ್ದು ಜಾಗ ಬದಲಾಯಿಸುತ್ತಿತ್ತು. ಇದರಲ್ಲಿ ಸುಳ್ಳೇನಿಲ್ಲ, ನಾಯಿಯನ್ನೇ ಕೇಳಿ ನೋಡಿ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಏನನ್ನೇ ಎಣಿಸಿದರೂ ಲಕ್ಷದಿಂದಲೇ ಶುರು ಮಾಡುವ ಅವನ ಚಾಳಿಗೆ ಗಿರಾಕಿಗಳು ಕಟ್ಟಿದ ಹೆಸರು ಇದು. ಅವನದು ಎರಡು ಕುರ್ಚಿಯ, ಮೂಲೆ ಒಡೆದ ಕನ್ನಡಿಯ ಸಲೂನು. ಅಲ್ಲಿ ಕೂತವನ ಒಂದು ಕಿವಿಯ ಮೇಲಿನ ಕೂದಲು ಇಳಿಯುವಷ್ಟರಲ್ಲಿ ಲಕ್ಷಪ್ಪ ಮೂರು ಲೋಕ ಸುತ್ತಿ ಬಂದಿರುತ್ತಿದ್ದ. ಗಿರಾಕಿಗೆ ನೆಮ್ಮದಿ ಸಿಗುತ್ತಿದ್ದುದು ಒಂದೇ ಒಂದು ಗಳಿಗೆ, ಕತ್ತಿ ಗಂಟಲಿನ ಗಂಟಿನ ಮೇಲೆ ಬಂದಾಗ. ಆಗ ಅಂಗಡಿಯೆಲ್ಲ ಗಪ್‌ಚುಪ್. ಕತ್ತಿ ಗಂಟು ದಾಟಿತೋ, ಕಥೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತಿತ್ತು.

"ನಮ್ ಯಜಮಾನ್ರ ಬಾಯಿ ಮುಚ್ಚಿಸ್ಬೇಕು ಅಂದ್ರೆ ಗಂಟಲು ಕೊಡ್ಬೇಕು ನೋಡಿ," ಎಂದು ಅವನ ಹೆಂಡತಿ ಬಟ್ಟಲಲ್ಲಿ ನೊರೆ ಎಬ್ಬಿಸುತ್ತಾ ನಗುತ್ತಿದ್ದಳು.

ಇಂಥವನ ಲಿವರಿನಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು.

"ಕ್ಯಾನ್ಸರೇ. ಆದ್ರೆ ಗೋಲಿಯಷ್ಟಿದ್ದಾಗ್ಲೇ ಸಿಕ್ಕಿಬಿದ್ದಿದೆ," ಎಂದರು ಡಾಕ್ಟರಮ್ಮ, ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತಾ.

"ಬರೀ ಗೋಲೀನಾ?" ಎಂದ ಲಕ್ಷಪ್ಪ. ಆ ಅಳತೆ ಅವನಿಗೆ ಅವಮಾನದಂತೆ ಕೇಳಿಸಿತು. ಸಂಜೆ ಅಂಗಡಿಗೆ ಬರುವಷ್ಟರಲ್ಲಿ ಅದು ಕುಂಬಳಕಾಯಿಯಾಗಿತ್ತು, ಆ ಮಾತು ಬೇರೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹೊಟ್ಟೆ ಕೊಯ್ಯೋದು ಬೇಡ. ಅಷ್ಟು ದೊಡ್ಡ ಆಪರೇಷನ್ನು, ಪೂರ್ತಿ ಮತ್ತು ಬರಿಸೋದು, ಎರಡನ್ನೂ ನಿಮ್ಮ ಹಾರ್ಟು ತಡ್ಕೊಳ್ಳಲ್ಲ. ಸ್ಕ್ಯಾನ್ ನೋಡ್ಕೊಂಡು ಪಕ್ಕೆಯಿಂದ ಒಂದು ಸೂಜಿ ಬಿಡ್ತೀವಿ. ಅದರ ತುದಿ ಕಾಯುತ್ತೆ, ಗಡ್ಡೆ ಕೂತಲ್ಲೇ ಸುಟ್ಟುಹೋಗುತ್ತೆ."

"ಅಪಾಯ ಏನೂ ಇಲ್ವಾ ಡಾಕ್ಟ್ರೇ?" ಹೆಂಡತಿ ಕೇಳಿದಳು.

"ಏನೂ ಇಲ್ಲ ಅಂದ್ರೆ ಸುಳ್ಳಾಗುತ್ತಮ್ಮ. ಒಳಗೆ ರಕ್ತ ಸೋರ್ಬಹುದು, ಪಕ್ಕದಲ್ಲಿರೋದಕ್ಕೆ ಬಿಸಿ ತಗಲ್ಬಹುದು. ಅಪರೂಪ, ಆದ್ರೆ ಆಗೋದುಂಟು. ಈ ಗಡ್ಡೆ ಕರುಳಿಗೆ ಒರಗಿಕೊಂಡೇ ಕೂತಿದೆ. ಅದಕ್ಕೇ ಮಧ್ಯೆ ಸಕ್ಕರೆ ನೀರು ತುಂಬಿಸಿ ಕರುಳನ್ನ ಆ ಕಡೆ ಸರಿಸ್ತೀವಿ. ಉಳಿದಿದ್ದು ಯಜಮಾನ್ರ ಕೈಲಿದೆ. ಉಸಿರಾಡಿದ ಹಾಗೆಲ್ಲ ಲಿವರ್ ಮೇಲೆ ಕೆಳಗೆ ಜಾರುತ್ತೆ. ಸೂಜಿ ಬಿಡುವಾಗ ಪ್ರತಿ ಸಲ ಒಂದೇ ಥರ ಉಸಿರು ನಿಲ್ಲಿಸ್ಬೇಕು. ಮಾಮೂಲಿ ಉಸಿರು ಸಾಕು."

ಮಾಮೂಲಿ! ಹುಟ್ಟಿದಾಗಿನಿಂದ ಯಾರೂ ಲಕ್ಷಪ್ಪನಿಂದ ಮಾಮೂಲಿಯಾದದ್ದನ್ನು ಕೇಳಿರಲಿಲ್ಲ. ಮನೆಗೆ ಬಂದವನೇ ಬಾಮೈದನನ್ನು ಎದುರಿಗೆ ಕೂರಿಸಿಕೊಂಡು, ರೇಡಿಯೋ ಹಾಕಿ, ಎದೆ ಬಿರಿಯುವಷ್ಟು ಗಾಳಿ ಎಳೆದುಕೊಂಡು ಕೂತ. ಅಂಗಿಯ ಗುಂಡಿಯೊಂದು ಹಾರಿ ಗೋಡೆಗೆ ಬಡಿಯಿತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ತಡ್ಕೋ ಭಾವ! ಇನ್ನೇನು ಹಾಡು ಮುಗೀತು!" ಬಾಮೈದ ತೊಡೆ ತಟ್ಟಿ ಹುರಿದುಂಬಿಸಿದ.

"ಅವರು ಹೇಳಿದ್ದು ಇದಲ್ಲ ಕಣ್ರೀ," ಎಂದಳು ಹೆಂಡತಿ.

ಹಾಡು ಮುಗಿದ ಮೇಲೆಯೇ ಲಕ್ಷಪ್ಪ ಬಾಯಿ ಬಿಟ್ಟ. "ನೀನು ಸುಮ್ನಿರೇ! ಅವರು ಹೇಳಿದ್ದು ಮಾಮೂಲಿ ಜನಕ್ಕೆ."

ಆ ದಿನ ಬಂದೇ ಬಿಟ್ಟಿತು. ಸ್ಕ್ಯಾನ್ ಕೋಣೆ ಎಷ್ಟು ತಣ್ಣಗಿತ್ತೆಂದರೆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿ ನೆಲಕ್ಕೆ ಉದುರುತ್ತಿತ್ತು. ಗಾಣದ ಚಕ್ರದಂಥ ಯಂತ್ರದ ಮುಂದೆ, ಕಿರಿದಾದ ಮಂಚದ ಮೇಲೆ ಅವನನ್ನು ಮಲಗಿಸಿದರು. ಸೂಜಿ ಕಾಯಿಸುವ ಕರೆಂಟು ಒಂದೇ ಕಡೆ ಸೇರಿ ಚರ್ಮ ಸುಡದಿರಲೆಂದು ಎರಡೂ ತೊಡೆಗೆ ಅಗಲವಾದ ಅಂಟುಪಟ್ಟಿ ಹಚ್ಚಿದರು. ನರ್ಸಮ್ಮ ಹೆಸರು ಕೇಳಿದಳು, ಯಾವ ಕಡೆ ಸೂಜಿ ಎಂದು ಕೇಳಿದಳು, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ್ದೀರಾ ಎಂದು ಕೇಳಿದಳು.

"ಮೈಗೆ ಆಗಲ್ಲ ಅನ್ನೋದು ಯಾವುದಾದ್ರೂ ಇದ್ಯಾ?"

"ಸುಳ್ಳು ಅಂದ್ರೆ ಆಗಲ್ಲ ಸಿಸ್ಟರ್. ಮೈಯೆಲ್ಲ ದದ್ದು ಏಳುತ್ತೆ."

"ಹಾಗಾದ್ರೆ ಇಷ್ಟು ದಿನ ಬದುಕಿದ್ದೇ ಹೆಚ್ಚು ಬಿಡಿ," ಎಂದಳು ಅವಳು. ಅರ್ಧ ಗಂಟೆಯ ಪರಿಚಯ ಅವಳಿಗೆ ಸಾಕಾಗಿತ್ತು.

ಮೊದಲು ಸಣ್ಣ ಸೂಜಿಯಲ್ಲಿ ಸಕ್ಕರೆ ನೀರು ಹೋಯಿತು. ಕರುಳು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಆಮೇಲೆ ಡಾಕ್ಟರಮ್ಮ, "ಈಗ ಉಸಿರು ನಿಲ್ಲಿಸಿ," ಎಂದರು.

ಲಕ್ಷಪ್ಪ ಎಳೆದ ನೋಡಿ ಒಂದು ಉಸಿರು! ಕಿಟಕಿಯ ಪರದೆ ಅವನ ಕಡೆಗೆ ವಾಲಿತು ಎಂದು ಹೇಳುವವರಿದ್ದಾರೆ.

"ಮೇಡಂ, ಲಿವರ್ ಎರಡು ಬೆರಳು ಕೆಳಗಿಳೀತು," ಎಂದು ಗಾಜಿನ ಆಚೆಯಿಂದ ಯಂತ್ರ ನಡೆಸುವವನ ಧ್ವನಿ ಬಂತು.

ಎರಡನೇ ಸಲ ಇನ್ನೂ ಜೋರಾಗಿ ಎಳೆದ. ಲಿವರ್ ಮತ್ತಷ್ಟು ಕೆಳಗೆ. ಮೂರನೇ ಸಲ ಭಯ ಹತ್ತಿಕೊಂಡು ಅರ್ಧಕ್ಕೇ ಬಿಟ್ಟ. ಲಿವರ್ ಮೇಲಕ್ಕೆ.

ಡಾಕ್ಟರಮ್ಮ ಸೂಜಿಯನ್ನು ತಟ್ಟೆಯಲ್ಲಿಟ್ಟರು. ಆ ಠಣ್ ಎಂಬ ಸದ್ದಿಗೆ ಲಕ್ಷಪ್ಪನ ಜಂಬವೆಲ್ಲ ಇಳಿದುಹೋಯಿತು.

"ಯಜಮಾನ್ರೇ, ಒಂದೊಂದು ಸಲ ಒಂದೊಂದು ಕಡೆ ಹೋಗ್ತಿದೆ. ಅಂದಾಜಿನ ಮೇಲೆ ನಾನು ಸೂಜಿ ಬಿಡೋಳಲ್ಲ. ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಇವತ್ತು ನಿಲ್ಲಿಸಿಬಿಡ್ತೀನಿ."

"ಆಮೇಲೆ?"

"ಬೇರೆ ದಾರಿ ಹುಡುಕ್ಬೇಕು. ನಿಮಗೆ ಇಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ."

ಹೊರಗೆ ಬೆಂಚಿನ ಮೇಲೆ ಹೆಂಡತಿ ಚೀಲವನ್ನು ಅವಚಿಕೊಂಡು ಕೂತಿರುತ್ತಾಳೆ, ಬಾಗಿಲನ್ನೇ ನೋಡುತ್ತಿರುತ್ತಾಳೆ. ಲಕ್ಷಪ್ಪನಿಗೆ ಹೇಳಿಕೊಳ್ಳಲು ಒಂದು ಸಣ್ಣ ಸುಳ್ಳೂ ಹೊಳೆಯಲಿಲ್ಲ.

ಪಕ್ಕೆಗೆ ಮರಗಟ್ಟಿಸುವ ಔಷಧ ಇನ್ನಷ್ಟು ಕೊಡಲು ಡಾಕ್ಟರಮ್ಮ ಅವನ ಮೇಲೆ ಬಾಗಿದರು. ಅವರ ಮುಖದ ಮೇಲಿನ ಮಾಸ್ಕು ಮೂಗಿನ ಹತ್ತಿರ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಸೂಜಿಯ ಮೊನೆ ಚರ್ಮಕ್ಕೆ ತಾಗುವ ಹೊತ್ತಿಗೆ ಆ ಬಟ್ಟೆ ನಿಂತುಬಿಟ್ಟಿತು. ಕೆಲಸ ಮುಗಿದು ಕೈ ಮೇಲೆದ್ದಾಗ ಮತ್ತೆ ಉಬ್ಬಿತು.

ಲಕ್ಷಪ್ಪನ ಕಣ್ಣು ತಟ್ಟೆಯಗಲವಾಯಿತು. ಉಸಿರು ಹೀಗೆ ನಿಲ್ಲುವುದು ಅವನಿಗೆ ಗೊತ್ತು! ಇದು ಅವನದೇ!

"ಡಾಕ್ಟ್ರಮ್ಮಾ! ಇದಾ? ಇದನ್ನ ಮೊದ್ಲೇ ಹೇಳೋದಲ್ವಾ! ಇದು ಗಂಟಲ ಉಸಿರು!"

"ಯಾವ ಗಂಟಲು?"

"ಗಿರಾಕಿ ಗಂಟಲು! ಕತ್ತಿ ಗಂಟಿನ ಮೇಲೆ ಬಂದಾಗ ನಾನೂ ಹೀಗೇ ನಿಲ್ಲಿಸೋದು. ನಿಮ್ಮ ಮೂಗಿನ ಬಟ್ಟೆ ಹೇಳಿಬಿಡ್ತು! ಲಕ್ಷ ಗಂಟಲು ದಾಟಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ!"

ಮಾಸ್ಕಿನ ಮೇಲೆ ಡಾಕ್ಟರಮ್ಮನ ಕಣ್ಣುಗಳು ನಕ್ಕವು. "ನಡೀರಿ ಹಾಗಾದ್ರೆ, ಒಂದು ಗಂಟಲು ದಾಟಿಸಿ."

ಲಕ್ಷಪ್ಪ ಕಣ್ಣು ಮುಚ್ಚಿದ. ಮೇಲೆತ್ತಿದ ಗದ್ದ, ಬೆಚ್ಚನೆಯ ನೊರೆ, ಹೆಬ್ಬೆರಳಿನಡಿ ಬಿಗಿದ ಚರ್ಮ. ಉಸಿರು ತಾನಾಗಿ ಹೊರಗೆ ಹೋಯಿತು, ತಾನಾಗಿ ನಿಂತಿತು.

"ಮೇಡಂ, ಗುರುತಿನ ಮೇಲೇ ಇದೆ."

ಇನ್ನೊಮ್ಮೆ. "ಅಲ್ಲೇ ಇದೆ."

ಮತ್ತೊಮ್ಮೆ. "ಅಲ್ಲೇ! ಕೂದಲೆಳೆಯಷ್ಟೂ ಅಲುಗಿಲ್ಲ!" ಯಂತ್ರದವನ ಧ್ವನಿಯೂ ಕುಣಿಯುತ್ತಿತ್ತು.

"ಅಲುಗ್ಬೇಡಿ," ಎಂದರು ಡಾಕ್ಟರಮ್ಮ. ಜೀವಮಾನವೆಲ್ಲ ಅವನು ಬೇರೆಯವರಿಗೆ ಹೇಳಿದ್ದ ಮಾತು. ಸೂಜಿ ಒಂದಿಷ್ಟು ಒಳಗೆ, ಒಂದು ಚಿತ್ರ. ಇನ್ನೊಂದಿಷ್ಟು, ಇನ್ನೊಂದು ಚಿತ್ರ. ಕೊನೆಗೆ, "ನಡುಮಧ್ಯಕ್ಕೇ ಬಂದು ಕೂತಿದೆ!" ಎಂಬ ಕೂಗು ಕೇಳಿಸಿತು. ಕೈಯ ನಳಿಕೆಯಲ್ಲಿ ಮಂಪರಿನ ಔಷಧ ಹರಿಯಿತು. ಪಕ್ಕೆಯೊಳಗೆ ಬಿಸಿ ಟವೆಲ್ ಒತ್ತಿದಂಥ ಶಾಖ ಏರುತ್ತಿರುವಾಗಲೇ ಲಕ್ಷಪ್ಪ ತೇಲಿಹೋದ.

ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿದ್ದಳು. ಡಾಕ್ಟರಮ್ಮ ಹೊಸ ಚಿತ್ರ ಹಿಡಿದು ನಿಂತಿದ್ದರು. "ಗಡ್ಡೆ ಪೂರ್ತಿ, ಅದರ ಸುತ್ತಲೂ ಒಂದಿಷ್ಟು ಅಂಚು ಸೇರಿಸಿ ಸುಟ್ಟಿದೆ. ಕರುಳಿಗೆ ಬಿಸಿ ಮುಟ್ಟಿಲ್ಲ. ಸೂಜಿ ಹೊರಗೆ ಎಳೆಯುವಾಗ ದಾರಿನೂ ಕಾಯಿಸಿ ಮುಚ್ಚಿದ್ದೀವಿ, ರಕ್ತ ಸೋರಿಲ್ಲ. ಆದ್ರೂ ಇವತ್ತು ಇಲ್ಲೇ ಇರಿ. ಹೊಟ್ಟೆ ಬಿಗಿದ್ರೆ, ತಲೆ ತಿರುಗಿದ್ರೆ ಆ ಕ್ಷಣವೇ ಹೇಳ್ಬೇಕು. ಉಬ್ಬಿಸ್ಬೇಡಿ, ಮುಚ್ಚಿಡ್ಲೂ ಬೇಡಿ."

"ಎಷ್ಟು ನೋವಿದೆ ರೀ?" ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

ಲಕ್ಷಪ್ಪ ಯೋಚಿಸಿದ. "ಸ್ವಲ್ಪ ಕಣೇ," ಎಂದ. ಆ ಉತ್ತರ ಕೇಳಿ ಅವಳು ಗಾಬರಿಯಾಗಿ ನರ್ಸಮ್ಮನನ್ನು ಕೂಗಿದಳು.

ಮರುತಿಂಗಳ ಸ್ಕ್ಯಾನಿನಲ್ಲಿ ಸುಟ್ಟ ಗುರುತು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಮತ್ತೆ ಬಂದು ತೋರಿಸಬೇಕು ಎಂದರು ಡಾಕ್ಟರಮ್ಮ. ಬರ್ತೀನಿ, ಲಕ್ಷ ಸಲ ಬರ್ತೀನಿ ಎಂದ ಅವನು.

ಅಂಗಡಿಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಗಡ್ಡವಿಲ್ಲದವರೂ ಬಂದು ಕೂರುತ್ತಾರೆ. "ಆಗ ಡಾಕ್ಟ್ರಮ್ಮ ಹಾರೆಯಷ್ಟುದ್ದದ ಸೂಜಿ ಎತ್ತಿದ್ರು ನೋಡಿ! ಕಾದು ನಿಗಿನಿಗಿ ಕೆಂಡ! ಅದನ್ನ ನೇರ ನನ್ನ..." ಎನ್ನುತ್ತಿರುವಾಗ ಕತ್ತಿ ಗಿರಾಕಿಯ ಗಂಟಲಿನ ಗಂಟಿಗೆ ಬಂತು.

ಮಾತು ನಿಂತಿತು. ನೊರೆ ಕಲಕುತ್ತಿದ್ದ ಹೆಂಡತಿಯ ಕೈ ನಿಂತಿತು. ಬೆಂಚಿನ ಮೇಲಿದ್ದವರೆಲ್ಲ, ಬಾಮೈದನೂ ಸೇರಿ, ತಮಗೇ ಗೊತ್ತಿಲ್ಲದೆ ಒಂದು ಮಾಮೂಲಿ ಉಸಿರನ್ನು ಬಿಟ್ಟು ಹಾಗೇ ಕೂತರು.

ಕತ್ತಿ ನಯವಾಗಿ ಗಂಟು ದಾಟಿತು.

"...ಪಕ್ಕೆಗೇ ಗುರಿಯಿಟ್ರು!" ಎಂದ ಲಕ್ಷಪ್ಪ.